ನಕ್ಷತ್ರ ಸಿಡಿದ ಮೇಲಿನ ಘಾಟು

ಓದುವ ಹುಚ್ಚಿರುವ ಗಂಡಸನ್ನು ಒಲೆಯ ಮುಂದೆ ಕೂರಿಸಬಾರದು. ಕೂರಿಸಿದರೂ ಅವನ ಕೈಗೆ ಪತ್ರಿಕೆ ಸಿಗಬಾರದು. ರಾಣೇಬೆನ್ನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನಗೆ ಈ ಜ್ಞಾನೋದಯ ಆದದ್ದು ಎಂಬತ್ತೆಂಟರ ಬೇಸಿಗೆಯಲ್ಲಿ, ಮನೆಯಲ್ಲಿ ವರ್ಷದ ಖಾರಕ್ಕೆ ಮೆಣಸಿನಕಾಯಿ ಹುರಿಯುವ ದಿನ. ನಮ್ಮ ಕಡೆ ಖಾರವೆಂದರೆ ಬರೀ ಪುಡಿಯಲ್ಲ, ಮನೆತನದ ಮರ್ಯಾದೆ. ನನ್ನ ಹೆಂಡತಿ ಶಾಂತಾ ಬ್ಯಾಡಗಿಯವಳು; ಅವಳ ಖಾರದ ಬಣ್ಣಕ್ಕೆ ಮರುಳಾಗಿ ನನ್ನ ತಂಗಿ ವರ್ಷವೂ ಗುತ್ತಲದಿಂದ ಡಬ್ಬಿ ಹಿಡಿದು ಬರುತ್ತಿದ್ದಳು. ಆ ದಿನ ಮೆಣಸಿನಕಾಯಿ ಬಾಣಲೆಯಲ್ಲಿದ್ದಾಗಲೇ ಕೊತ್ತಂಬರಿ ಬೀಜ ಸಾಲದೆ ಹೋಯಿತು. "ಬಾಜೂ ಮನಿಗೆ ಹೋಗಿ ಲಗೂ ಬರ್ತೇನ್ರಿ. ಕೈ ಬಿಡದಂಗ ತಿರುವಿಕೋತ ಕುಂದ್ರಿ" ಎಂದು ಸೌಟು ಕೊಟ್ಟು ಹೋದಳು.

ತಿರುವಿದೆ, ಸುಳ್ಳಲ್ಲ. ಆದರೆ ಎಡಗೈಯಲ್ಲಿ ಪತ್ರಿಕೆ ಇತ್ತು. ಹಿಂದಿನ ವರ್ಷ ದಕ್ಷಿಣದ ಆಕಾಶದಲ್ಲಿ ಸಿಡಿದ ನಕ್ಷತ್ರದ ಸುದ್ದಿ! ಸಿಡಿತದ ಬಿಸಿ ಬೇಗ ಆರಬೇಕು. ಇದು ಮಾತ್ರ ತಿಂಗಳುಗಟ್ಟಲೆ ಬೆಳಗಿತಂತೆ. ಯಾಕೆ? ಸಿಡಿತದಲ್ಲಿ ಹುಟ್ಟಿದ ವಿಕಿರಣಶೀಲ ನಿಕ್ಕಲ್ ಕ್ಷಯಿಸಿ ಕೋಬಾಲ್ಟ್ ಆಗುತ್ತದೆ, ಕೋಬಾಲ್ಟ್ ಕ್ಷಯಿಸಿ ಕಬ್ಬಿಣವಾಗುತ್ತದೆ. ಆ ಕ್ಷಯವೇ ದೀಪಕ್ಕೆ ಎಣ್ಣೆ! ನಿಕ್ಕಲ್ ಆರು ದಿನಕ್ಕೆ ಅರ್ಧವಾದರೆ ಕೋಬಾಲ್ಟಿಗೆ ಎರಡೂವರೆ ತಿಂಗಳು; ನಕ್ಷತ್ರದ ಬೆಳಕೂ ಈಗ ಕೋಬಾಲ್ಟಿನ ಲೆಕ್ಕದಲ್ಲೇ ಇಳಿಯುತ್ತಿದೆಯಂತೆ. ಮೈ ಜುಮ್ಮೆಂದಿತು. ಸೌಟು ಬಿಟ್ಟು ಎದ್ದು ನಿಂತೆ. ಕುಣಿದೆನೋ ಏನೋ, ನೆನಪಿಲ್ಲ.

ಮೆಣಸಿನಕಾಯಿ ಹೊತ್ತಿದ್ದು ಮಾತ್ರ ಓಣಿಗೆಲ್ಲ ನೆನಪಿದೆ. ಕೆಮ್ಮುತ್ತ ಬಾಗಿಲಿಗೆ ಓಡಿದರೆ ಹೊರಗೆ ಎಲ್ಲರೂ ಕೆಮ್ಮುತ್ತಿದ್ದರು. ಪಕ್ಕದ ಮನೆಯ ಫಾತಿಮಾಬಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಯಾ ಅಲ್ಲಾ! ಏನ್ ಮಾಡಾಕತ್ತೀರಿ ಮಾಸ್ತರ್ರ? ಓಣಿ ಖಾಲಿ ಮಾಡಸ್ತೀರೇನು?" ಎಂದರು. ಅವರ ಹಿಂದೆ ಕೊತ್ತಂಬರಿ ಬೀಜ ಹಿಡಿದ ಶಾಂತಾ. "ನಕ್ಷತ್ರ..." ಎಂದು ಶುರುಮಾಡಿದವನು ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದೆ.

ಶಾಂತಾಳ ಸಿಟ್ಟಿನ ಮೊದಲ ವಾರ ನಿಕ್ಕಲ್: ಬೈಗುಳ ಪ್ರಖರವಾಗಿತ್ತು, ಬೇಗ ಇಳಿಯಿತು. ಆಮೇಲೆ ಶುರುವಾಯಿತು ನೋಡಿ ಕೋಬಾಲ್ಟ್! ಮಾತಿಲ್ಲ, ಕತೆಯಿಲ್ಲ, ಬೂದಿ ಮುಚ್ಚಿದ ಕೆಂಡ. ತಂಗಿ ಡಬ್ಬಿ ಹಿಡಿದು ಬಂದಾಗ, "ನಿಮ್ಮಣ್ಣನ್ನ ಕೇಳವಾ, ಈ ವರ್ಷದ ಖಾರ ಆಕಾಶಕ್ಕ ಹೋಗೈತಿ" ಎಂದಳು. ತಂಗಿ ಖಾಲಿ ಡಬ್ಬಿ ಒಯ್ದದ್ದು ನೋಡಿ ನನಗೆ ನಿಜಕ್ಕೂ ನೋವಾಯಿತು.

ಮಳೆಗಾಲ ಹಿಡಿದ ಮೇಲೊಂದು ದಿನ ಶಾಂತಾ ಹಿತ್ತಲಲ್ಲಿ ಬಿದ್ದಿದ್ದ ಆ ಸುಟ್ಟ ಬಾಣಲೆಯನ್ನು ತಂದು ನನ್ನ ಮುಂದೆ ಕುಕ್ಕಿದಳು. "ತಿಕ್ರಿ." ಬೂದಿ ಹಾಕಿ ತಿಕ್ಕುತ್ತಿದ್ದಾಗ ಥಟ್ಟನೆ ಹೊಳೆಯಿತು. ಹಿಗ್ಗು ತಡೆಯಲಾರದೆ ಕೂಗಿದೆ: "ಶಾಂತಾ! ಈ ಬಾಂಡ್ಲ್ಯಾಗಿನ ಕಬ್ಬಿಣ ಎಲ್ಲಿಂದ ಬಂದೈತಿ ಗೊತ್ತೇನು? ಎಂದೋ ಆಕಾಶದಾಗ ಹಿಂಗ ಸಿಡಿದ ಚಿಕ್ಕಿಯಿಂದ!"

ಅವಳು ಬಾಣಲೆಯನ್ನೂ ನನ್ನನ್ನೂ ನೋಡಿದಳು. ಬೇಸಿಗೆಯಿಂದೀಚೆಗೆ ಮೊದಲ ಸಲ ನಕ್ಕಳು.

"ಹೌದೇನ್ರಿ? ನಿಮ್ಮ ಚಿಕ್ಕಿ ಇನ್ನೂ ಕರ್ರಗ ಐತಲ್ಲ. ಹೊಳಿಯೂತನಕ ತಿಕ್ರಿ."

ತಿಕ್ಕಿದೆ. ಈ ಸಲ ಎಡಗೈಯಲ್ಲೂ ಬೂದಿಯೇ ಇತ್ತು.