ಆರು ಬಾಗಿಲು, ಒಂದು ದೀಪ

ನಮ್ಮ ಓಣಿಯಲ್ಲಿ ಎಣ್ಣೆ ಕಡಿಮೆಯಾದಾಗಲೆಲ್ಲ ನಗುವ ಸಂಗತಿಗಳು ಹೆಚ್ಚುತ್ತವೆ. ಕಂಪನಿ ಸರಕಾರದ ಸಾಲೆಗೆ ಮಾಸ್ತರನಾಗಿ ರೋಣಕ್ಕೆ ಬಂದ ನಾನು ಇದನ್ನು ಒಂದು ಮಳೆಗಾಲದಲ್ಲಿ ಕಣ್ಣಾರೆ ಕಂಡೆ.

೧. ಅಜ್ಜಿಯ ಕಟ್ಟಳೆ

ಆ ವರ್ಷ ಓಣಿಯ ಗಾಣದ ಕಲ್ಲು ಬಿರಿಯಿತು. ಹೊಸ ಕಲ್ಲು ಗಜೇಂದ್ರಗಡದಿಂದ ಬರಬೇಕು. ಎರೆಮಣ್ಣಿನ ಹಾದಿಯಲ್ಲಿ ಬಂಡಿಯ ಗಾಲಿ ಹೂತುಹೋಗುತ್ತಿದ್ದ ದಿನಗಳು. ಉಳಿದದ್ದು ಗಾಣಿಗರ ಅಜ್ಜಿಯ ಮನೆಯ ಒಂದು ಕೊಡ ಕುಸುಬಿ ಎಣ್ಣೆ. ಅದು ಮುಗಿದರೆ ಓಣಿಯ ಆರೂ ಮನೆಗೆ ಕತ್ತಲೆ. ಅಜ್ಜಿ ಕಟ್ಟಳೆ ಮಾಡಿದಳು: ಸಂಜೆ ಒಂದೇ ಮನೆಯಲ್ಲಿ ದೀಪ, ಪಾಳಿಯ ಪ್ರಕಾರ, ಉಳಿದವರು ತಮ್ಮ ಕೆಲಸ ಹಿಡಿದುಕೊಂಡು ಅಲ್ಲಿಗೇ ಬರಬೇಕು.

ಮೊದಲ ಸಂಜೆಯೇ ದೀಪದ ಮುಂದೆ ಒಂದು ಮನೆಯ ಅತ್ತೆ-ಸೊಸೆಗೆ ಜಗಳ ಹತ್ತಿತು. ಅಜ್ಜಿ ಬಾಗಿಲು ತೋರಿಸಿದಳು.

“ಹೊರಗ ಕಟ್ಟಿ ಮ್ಯಾಲ ಕುಂತು ಬೈದಾಡ್ರಿ. ಬೈಯಾಕ ಬೆಳಕ ಯಾಕ ಬೇಕು? ಬಾಯಿ ಎಲ್ಲೈತಿ ಅಂತ ಇಬ್ಬರಿಗೂ ಗೊತ್ತೈತಲ್ಲ!”

೨. ಸಾವಕಾರರ ಕಳ್ಳದೀಪ

ಅರಳೆ ವ್ಯಾಪಾರದ ಸಾವಕಾರರು ಪಾಳಿ ಇಲ್ಲದ ದಿನ ಕದ ಹಾಕಿಕೊಂಡು ದೀಪ ಹಚ್ಚಿದರು. ಮಾಳಿಗೆಯ ಬೆಳಕಿಂಡಿ ಮುಚ್ಚುವುದನ್ನು ಮರೆತಿದ್ದರು. ಅಜ್ಜಿ ಕಂಡಳು, ಬೈಯಲಿಲ್ಲ. ಪಾಳಿಯ ಮನೆಯ ದೀಪ ಆರಿಸಿ, ಮಂದಿಯನ್ನೆಲ್ಲ ಕರೆತಂದು ಅವರ ಕದ ತಟ್ಟಿದಳು.

“ಸಾವಕಾರ್ರ ಮನಸ ಭಾಳ ದೊಡ್ಡದು. ಪಾಳಿ ಇಲ್ಲದಿದ್ರೂ ಹಚ್ಯಾರ. ಬರ್ರಿ, ಕುಂದರ್ರಿ!”

ಹತ್ತಿ ಬಿಡಿಸುವವರು, ಕೌದಿ ಹೊಲಿಯುವವರು ಪಡಸಾಲೆ ತುಂಬಿದರು. ಸಾವಕಾರರ ಡಬರಿಯಲ್ಲಿ ತಿನ್ನಲು ಇಟ್ಟಿದ್ದ ಪುಠಾಣಿಯೂ ಖಾಲಿಯಾಯಿತು. ಹೊರಡುವಾಗ ಅಜ್ಜಿ ಕೇಳಿದಳು, “ನಾಳೀನೂ ಹಚ್ತೀರೇನ್ರಿ?”

“ಬ್ಯಾಡ ಯವ್ವ,” ಎಂದರು ಸಾವಕಾರರು. “ನನಗ ಕತ್ತಲದಾಗ ಭಾಳ ಚಲೋ ಕಾಣಸ್ತೈತಿ.”

೩. ಆರನೆಯ ಬಾಗಿಲು

ಕಲ್ಲು ಬರುವವರೆಗೂ ಎಣ್ಣೆ ಸಾಲಿತು. ಆ ಜಾಣತನ ಪೂರ್ತಿ ಅಜ್ಜಿಯದು. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಒಂದು ಸಂಜೆ.

ಪಾಳಿಯ ಪಟ್ಟಿ ಬರೆದವನು ನಾನು. ನನ್ನ ಮನೆಯನ್ನು ಬಿಟ್ಟು ಬರೆದಿದ್ದೆ. ಹೆಂಡತಿ ತೀರಿಕೊಂಡ ಮೇಲೆ ನಾನು ದೀಪ ಹಚ್ಚಿರಲಿಲ್ಲ. ಅಜ್ಜಿಗೆ ಓದು ಬಾರದು, ಎಣಿಸಲು ಬರುತ್ತಿತ್ತು.

“ಮಾಸ್ತರ, ಬಾಗಿಲು ಆರು, ಪಾಳಿ ಐದು. ಹ್ಯಾಂಗ್ರಿ?”

“ನನಗ ದೀಪ ಬ್ಯಾಡ ಯವ್ವ.”

“ನಿಮಗ ಯಾರ ಹಚ್ಚಾಕತ್ಯಾರ? ನಮಗ ಬೇಕು.”

ಅಂದು ಎಲ್ಲರೂ ಬಂದರು. ಹೆಂಡತಿ ಹೊಸೆದಿಟ್ಟ ಬತ್ತಿಗಳು ಗೂಡಿನಲ್ಲೇ ಇದ್ದವು. ಒಂದನ್ನು ತೆಗೆದು ಹಚ್ಚಿದೆ. ತೊಲೆಯಿಂದ ತೊಲೆಗೆ ಜೇಡರ ಬಲೆ, ಮೂಲೆ ಮೂಲೆಗೆ ಕಸ ಕಂಡವು. ಅಜ್ಜಿ ಸುತ್ತಲೂ ನೋಡಿದಳು.

“ಮಾಸ್ತರ ದುಃಖಕ್ಕ ಕತ್ತಲದಾಗ ಕುಂತಾರ ಅಂತ ತಿಳದಿದ್ದೆ. ಕಸ ಕಾಣಬಾರದಂತ ಕುಂತಾರ!”

ಎಷ್ಟೋ ತಿಂಗಳ ಮೇಲೆ ನಾನು ನಕ್ಕೆ. ಹೆಂಗಸರು ಕೌದಿ ಬಿಟ್ಟು ಕಸಬರಿಗೆ ಹಿಡಿದರು. ಅವರು ಹೊರಟಾಗ ಕೇಳಿದೆ, “ನನ್ನ ಪಾಳಿ ಮತ್ತ ಆರು ದಿನಕ್ಕೇನು ಯವ್ವ?”

“ಎಲ್ಲೀ ಆರು ದಿನಾ? ನಾಳೀನೂ ಇಲ್ಲೇ. ಅಡಿಗಿಮನಿ ಇನ್ನೂ ಹಂಗ ಐತಿ!”