ಗೇಟಿನಿಂದ ಬಾಗಿಲವರೆಗೆ ಐದು ಬಗೆಯ ನೆಲ

ಜನ ಮನೆ ಮುಂದೆ ಕಾರು ಬರುವ ದಾರಿಗೆ ಏನೋ ಒಂದು ಹಾಕಿಸಿ ಮರೆತುಬಿಡುತ್ತಾರೆ. ನಾನು ಆ ಪೈಕಿಯವನಲ್ಲ. ಬಕೆಟ್ ಕೊಳ್ಳುವಾಗಲೂ ಬೋರಲು ಹಾಕಿ ತಳ ಬಡಿದು ನೋಡುವವನು. ನಮ್ಮ ದಾರಿಯನ್ನು ನೋಡಲು ಊರಿನವರೆಲ್ಲ ಗೇಟಿನಲ್ಲಿ ನಿಲ್ಲಬೇಕು ಎಂದು ಪಣ ತೊಟ್ಟೆ.

ತುರ್ತೂ ಇತ್ತೆನ್ನಿ. ಮಂಡಿ ಆಪರೇಷನ್ ಆದ ಅಮ್ಮ ನಾಲ್ಕು ಕಾಲಿನ ವಾಕರ್ ಹಿಡಿದು ಆಸ್ಪತ್ರೆಯಿಂದ ಬರುವವರಿದ್ದರು. ಹಳೆಯ ನೆಲವೋ ಬಿರುಕು ಬಿಟ್ಟು ಅಲ್ಲಲ್ಲಿ ಎದ್ದು ಕೂತಿತ್ತು.

"ಅತ್ತೆ ಎಡವಿದ್ರೆ ಕಥೆ ಮುಗೀತು. ಅವರು ಬರೋದ್ರೊಳಗೆ ನೆಲ ಸಮ ಆಗಿರ್ಲಿ, ಅಷ್ಟೇ" ಎಂದಳು ಹೆಂಡತಿ.

ಅಷ್ಟೇ! ಮಹತ್ಕಾರ್ಯಗಳನ್ನು ಜಗತ್ತು ಹೀಗೇ ಒಂದು 'ಅಷ್ಟೇ'ಯಲ್ಲಿ ಮುದುರಿಬಿಡುತ್ತದೆ.

ಗಾರೆ ಮೇಸ್ತ್ರಿಯನ್ನು ಕರೆಸಿದೆ. ಕಾಂಕ್ರೀಟ್ ಹೇಗೆ ಅಂದೆ. ಅದನ್ನು ಬಿಟ್ಟರೆ ಇನ್ನೊಂದಿಲ್ಲ ಅಂದ. ಜಲ್ಲಿ ಅಂದೆ, ಅರಮನೆಗೂ ಅದೇ ಸಾರ್ ಅಂದ. ನಡುವೆ ಹುಲ್ಲು ಬೆಳೆಯಲೆಂದು ತೂತು ಬಿಟ್ಟಿರುವ ಬ್ಲಾಕು ಅಂದೆ. ಅದನ್ನೇ ಹೇಳಬೇಕು ಅಂತಿದ್ದೆ ಅಂದ. ಇಂಥ ವಿಶಾಲ ಹೃದಯದವನಿಂದ ತೀರ್ಮಾನ ಸಿಕ್ಕೀತೆ? ಹಳೆಯದನ್ನು ಅಗೆಸಿ ಹಾಕಿ, ಪ್ರಯೋಗಕ್ಕೇ ಇಳಿದೆ. ಗೇಟಿನಿಂದ ಬಾಗಿಲವರೆಗೆ ಸಾಲಾಗಿ ಜಲ್ಲಿ, ಇಟ್ಟಿಗೆ, ತೂತಿನ ಬ್ಲಾಕು, ಕಲ್ಲು ಚಪ್ಪಡಿ, ಕಾಂಕ್ರೀಟ್, ಒಂದೊಂದು ಪಟ್ಟಿ.

ಆಮೇಲಿನ ನನ್ನ ಸುಖವನ್ನು ಏನು ಹೇಳಲಿ! ಜಲ್ಲಿ ಕಾಲಿಟ್ಟ ಕಡೆಯೆಲ್ಲ ಗೊಣಗುತ್ತದೆ. ಇಟ್ಟಿಗೆ ಸುರಿದ ನೀರನ್ನೆಲ್ಲ ಕುಡಿದು ಏನೂ ಆಗದವರಂತೆ ಸುಮ್ಮನಿರುತ್ತದೆ. ಚಪ್ಪಡಿಯ ಮೇಲೆ ನೀರು ಎತ್ತ ಹೋಗಲಿ ಎಂದು ಯೋಚಿಸುತ್ತ ನಿಲ್ಲುತ್ತದೆ. ಬಿಸಿಲಿಗೆ ಯಾವುದು ಎಷ್ಟು ಕಾಯುತ್ತದೆ ಎಂದು ಕೆನ್ನೆಯಿಟ್ಟು ನೋಡಿದೆ. ಅಂಚೆಯವನನ್ನು ಬರಿಗಾಲಲ್ಲಿ ನಡೆಸಿ ಅಭಿಪ್ರಾಯ ಕೇಳಿದೆ. ಅಂದಿನಿಂದ ಅವನು ಕಾಗದಗಳನ್ನು ಕಾಂಪೌಂಡಿನಾಚೆಯಿಂದಲೇ ಎಸೆಯತೊಡಗಿದ.

"ರೀ, ಯಾವುದು ಅಂತ ಗೊತ್ತಾಯ್ತಾ?"

"ಒಂದೊಂದಕ್ಕೂ ಒಂದೊಂದು ವ್ಯಕ್ತಿತ್ವ ಇದೆ ಕಣೇ."

"ವ್ಯಕ್ತಿತ್ವ ನೋಡೋಕೆ ಇದೇನು ಮದುವೆ ಸಂಬಂಧವಾ? ಅತ್ತೆ ನಾಳೆ ಬರ್ತಿದ್ದಾರೆ."

ಈ ಸುದ್ದಿಯನ್ನು ಅವಳು ಮೊದಲೇ ಹೇಳಿದ್ದಳಂತೆ. ನನ್ನ ಕೆನ್ನೆ ನೆಲದ ಮೇಲಿದ್ದ ಹೊತ್ತಿನಲ್ಲಿ ಹೇಳಿರಬೇಕು.

ಅಮ್ಮ ಬಂದು ಗೇಟಿನಲ್ಲಿ ನಿಂತರು. ಮೊದಲ ಹೆಜ್ಜೆಗೇ ವಾಕರಿನ ಕಾಲುಗಳು ಜಲ್ಲಿಯಲ್ಲಿ ಹೂತವು. ಕಿತ್ತು ಮುಂದಿಟ್ಟರೆ ಇಟ್ಟಿಗೆಯ ಅಂಚು ಅಡ್ಡ ಬಂತು. ಐದರ ದಪ್ಪವೂ ಬೇರೆ ಬೇರೆ. ಒಂದೇ ಮಟ್ಟಕ್ಕೆ ಅಗೆಸಿ ಹಾಕಿಸಿದ್ದರಿಂದ ಒಂದು ಮೇಲೆ, ಒಂದು ಕೆಳಗೆ. ಇಷ್ಟೆಲ್ಲ ಪರೀಕ್ಷೆ ಮಾಡಿದವನಿಗೆ ಇದೊಂದು ಕಂಡಿರಲಿಲ್ಲ. ಅದನ್ನೂ ದಾಟಿದರೆ ತೂತಿನ ಬ್ಲಾಕು. ವಾಕರಿನ ಒಂದು ಕಾಲು ಅಳತೆ ಕೊಟ್ಟು ಮಾಡಿಸಿದಂತೆ ತೂತಿನೊಳಗೆ ಕೂತಿತು. ಅಮ್ಮ ವಾಲಿದರು. ಹೆಂಡತಿ ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುತ್ತಿದ್ದರು. ನಾನು ಬಗ್ಗಿ ವಾಕರಿನ ಕಾಲನ್ನು ತೂತಿನಿಂದ ಕಿತ್ತೆ. ಆದರೂ ಬಾಯಿ ಸುಮ್ಮನಿರಬೇಕಲ್ಲ:

"ಅಮ್ಮಾ, ಇಟ್ಟಿಗೆಗಿಂತ ಇದು ವಾಸಿ ಅನ್ನಿಸ್ತಾ?"

ಹೆಂಡತಿ ನನ್ನತ್ತ ನೋಡಿದ ನೋಟಕ್ಕೆ ಕಾಂಕ್ರೀಟು ಬಿರಿಯಬೇಕಿತ್ತು.

ಹಿಂದೆ ಹಿಂದಕ್ಕೇ ನಡೆಸಿ ಅಮ್ಮನನ್ನು ಮತ್ತೆ ಗೇಟಿಗೆ ತಂದೆವು. ಪಕ್ಕದ ಮನೆಯ ನಿವೃತ್ತ ಟೀಚರ್ ಇದನ್ನೆಲ್ಲ ನೋಡಿ, ಸದ್ಯಕ್ಕೆ ನಮ್ಮಲ್ಲಿಗೆ ಕರ್ಕೊಂಡು ಬನ್ನಿ ಎಂದರು. ಅವರ ದಾರಿಯಲ್ಲಿ ಅಮ್ಮ ಎಲ್ಲೂ ತಡೆಯದೆ ಸಲೀಸಾಗಿ ನಡೆದು ವರಾಂಡದ ಕುರ್ಚಿ ಸೇರಿದರು. ನನಗೆ ತಡೆಯಲಾಗಲಿಲ್ಲ. ನೆಲಕ್ಕೆ ಏನು ಹಾಕಿಸಿದ್ದೀರಿ ಎಂದು ಟೀಚರನ್ನು ಕೇಳಿದೆ.

"ಅಯ್ಯೋ, ನಾನು ಯಾವತ್ತೂ ಬಗ್ಗಿ ನೋಡಿಲ್ಲಪ್ಪ" ಎಂದರು.

ಮೇಸ್ತ್ರಿಯನ್ನು ಕರೆಸಿ ಎಲ್ಲ ಕೀಳಿಸಿ ಸಮ ಮಾಡಿಸುತ್ತೇನೆ, ಸ್ವಲ್ಪ ತಡಕೋ ಎಂದು ಅಮ್ಮನ ಮುಂದೆ ತಲೆ ತಗ್ಗಿಸಿ ನಿಂತೆ. ಅಮ್ಮ ಕಾಲು ಚಾಚಿ, ಕಾಫಿ ಲೋಟವನ್ನು ಕೈ ಬದಲಾಯಿಸಿಕೊಂಡರು.

"ಅವಸರ ಇಲ್ಲಪ್ಪ, ನಿಧಾನವಾಗಿ ಪರೀಕ್ಷೆ ಮಾಡು. ನನಗೆ ಇಲ್ಲಿ ಬರೋಕೂ ಸುಲಭ, ಕೂತು ನಿನ್ನ ನೋಡೋಕೂ ಚೆನ್ನಾಗಿದೆ."