ಕರಿಗುಡ್ಡದ ಉದ್ಯಾನದಲ್ಲಿ ಎದುರಿಗೆ ಬಂದವರನ್ನು ಊಟಕ್ಕೆ ಕರೆಯುವುದನ್ನು ನಿಷೇಧಿಸುವ ಬಗ್ಗೆ

ನೆರಳು ಮತ್ತು ಕಾಲ್ನಡಿಗೆ ನಿರ್ವಹಣಾ ಕಚೇರಿ
ಕರಿಗುಡ್ಡ ಅರಣ್ಯೋದ್ಯಾನ
(ಜಮಖಂಡಿ, ತೇರದಾಳ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಯ ನಡೆಯುವ ಸಾರ್ವಜನಿಕರಿಗೆ ಸಂಬಂಧಿಸಿದಂತೆ)

ಸಂಖ್ಯೆ: ನೆಕಾನಿ/ಬುತ್ತಿ/ಕರೆ/೭/೨೦೨೫

ಉಲ್ಲೇಖ:
೧. ಹುರಿದ ಗುರೆಳ್ಳಿನ ವಾಸನೆ. (ಸಹಾಯಕ ನಿರ್ದೇಶಕರಾದ ಶ್ರೀ ಅರುಣ ಅವರಿಗೆ ಇದು ಬಾಲ್ಯದಲ್ಲಿ ಬನಹಟ್ಟಿಯ ಅಜ್ಜಿಯ ಅಡುಗೆಮನೆಯಲ್ಲಿ ಪರಿಚಯವಾಗಿದ್ದು, ಕಳೆದ ರವಿವಾರ ಗುಡ್ಡದ ತುದಿಯ ವೀಕ್ಷಣಾ ಗೋಪುರದವರೆಗೆ ಗಾಳಿಯಲ್ಲಿ ಬಂದಿರುತ್ತದೆ. ವಾಸನೆಯ ಹಿಂದೆ ಜನರು ಬಂದಿರುವುದಿಲ್ಲ.)
೨. ಕಾವಲುಗಾರ ಶ್ರೀ ಹುಲೆಪ್ಪ ಅವರ ಬಾಯಿ ಹೇಳಿಕೆ.
೩. ರಬಕವಿಯ ನೇಕಾರರಾದ ಶ್ರೀಮತಿ ಬೋರವ್ವ ಅವರು, ಯಾರೂ ಕೇಳದೆ ಕೊಟ್ಟ ಹೇಳಿಕೆ.

ಪ್ರಸ್ತಾವನೆ:

ಸಾರ್ವಜನಿಕರಲ್ಲಿ ನಡೆಯುವ ರೂಢಿಯನ್ನು ಬೆಳೆಸುವ ಸದುದ್ದೇಶದಿಂದ ಕಳೆದ ರವಿವಾರ ಉದ್ಯಾನದ ಕಾಡಿನಲ್ಲಿ ಒಂದು ದಿನದ ಬೇಸಿಗೆ ಚಾರಣವನ್ನು ಏರ್ಪಡಿಸಲಾಗಿತ್ತು. ಎಲ್ಲ ಊರುಗಳ ಜನರು ಬೆಳಿಗ್ಗೆಯೇ ಟೋಪಿ ಧರಿಸಿ, ಅತ್ಯಂತ ಉತ್ಸಾಹದಿಂದ ಹೊರಟು, ದ್ವಾರದ ಒಳಗಿನ ಮೊದಲನೆಯ ಬೇವಿನ ಮರದವರೆಗೆ ತಲುಪಿರುತ್ತಾರೆ. ಸಂಜೆ ಅದೇ ಮರದಿಂದ ಹಿಂದಿರುಗಿರುತ್ತಾರೆ. ತುದಿ ಮುಟ್ಟಿದವರಿಗೆಂದು ಅಚ್ಚು ಹಾಕಿಸಿದ ಪ್ರಶಸ್ತಿಪತ್ರಗಳನ್ನು ಹಿಡಿದು ಸಹಾಯಕ ನಿರ್ದೇಶಕರು ಗೋಪುರದಲ್ಲಿ ಒಬ್ಬರೇ, ಊಟವಿಲ್ಲದೆ, ದಿನವಿಡೀ ಕಾದಿರುತ್ತಾರೆ.

ತನಿಖೆಯಿಂದ ತಿಳಿದುಬಂದುದೇನೆಂದರೆ, ತೇರದಾಳದ ಶ್ರೀಮತಿ ತ್ರಿಶಲಾ ಅವರ ಕುಟುಂಬವು ಸದರಿ ಬೇವಿನ ಕೆಳಗೆ ಬುತ್ತಿ ಬಿಚ್ಚಿ, ಎದುರಿಗೆ ಹಾದು ಹೋಗುತ್ತಿದ್ದ ರಬಕವಿಯ ನೇಕಾರರನ್ನು ಊಟಕ್ಕೆ ಕರೆದಿದೆ. ಕುಳಿತ ನೇಕಾರರು ತಮ್ಮ ಬುತ್ತಿಯನ್ನೂ ಬಿಚ್ಚಿ ಮುಧೋಳದವರನ್ನು ಕರೆದಿದ್ದಾರೆ. ಅವರು ಬೀಳಗಿಯವರನ್ನು ಕರೆದಿದ್ದಾರೆ. ಇವರೆಲ್ಲರನ್ನೂ ಮೇಲಕ್ಕೆ ಕರೆತರಲು ಕಳುಹಿಸಲಾದ ಶ್ರೀ ಹುಲೆಪ್ಪ ಅವರೂ ಹೊತ್ತು ಇಳಿಯುವವರೆಗೆ ಮರಳಿರುವುದಿಲ್ಲ. ಅವರ ಹೇಳಿಕೆ ಇಂತಿದೆ: “ಕರ್ಕೊಂಡ ಬರಾಕಂತನ ಹೋಗಿದ್ದೆ, ಖರೇರಿ ಸಾಹೇಬ್ರ. ನಾ ಬಾಯಿ ತಗಿಯೂದ್ರಾಗ ಅವರ ನನ್ನ ಕರದ್ರು. ಏನ್ ಮಾಡ್ಲಿರಿ?”

ಶ್ರೀ ಹುಲೆಪ್ಪ ಅವರು ವರ್ಷದಿಂದ ವರ್ಷಕ್ಕೆ ಮುಂದುವರಿಸಲ್ಪಡುವ ದಿನಗೂಲಿ ನೌಕರರಾಗಿದ್ದು, ಕರ್ತವ್ಯದ ಹೊತ್ತಿನಲ್ಲಿ ಸಾರ್ವಜನಿಕರ ರೊಟ್ಟಿ ತಿಂದ ಆರೋಪದ ಮೇಲೆ ಈ ವರ್ಷದ ಮುಂದುವರಿಕೆಯನ್ನು ತಡೆಹಿಡಿಯಲಾಗಿದೆ. ಮುಂದಿನ ಚಾರಣದಲ್ಲಿ ಇಂಥದು ಮರುಕಳಿಸದಂತೆ ಕೆಳಕಂಡ ನಿಯಮಗಳನ್ನು ಹೊರಡಿಸಲಾಗಿದೆ.

ನಿಯಮಗಳು:

೧. ಉದ್ಯಾನದ ಗಡಿಯೊಳಗೆ ಉಣ್ಣುತ್ತಿರುವ ಯಾರೂ ಎದುರಿಗೆ ಬಂದವರಿಗೆ “ಬರ್ರಿ, ಊಟಾ ಮಾಡೂಣು” ಎನ್ನತಕ್ಕದ್ದಲ್ಲ. ಚಾಪೆಯ ಮೇಲೆ ಸ್ವಲ್ಪ ಸರಿದು ಕೂರುವುದು, ಪಕ್ಕದ ನೆಲವನ್ನು ಅಂಗೈಯಿಂದ ಸವರುವುದು ಹಾಗೂ ಹುಬ್ಬು ಏರಿಸುವುದನ್ನೂ ಕರೆದಂತೆಯೇ ಪರಿಗಣಿಸಲಾಗುವುದು.

೨. ರೂಢಿಯಿಂದ ಬಾಯಿ ತಪ್ಪಿ ಕರೆದಲ್ಲಿ, ಕರೆಸಿಕೊಂಡವರು ನಿರಾಕರಿಸತಕ್ಕದ್ದು. ಆದರೆ “ಈಗಿನ್ನ ಮನ್ಯಾಗ ಉಂಡ ಬಂದೇನ್ರಿ” ಎಂಬುದನ್ನು ನಿರಾಕರಣೆ ಎಂದು ಒಪ್ಪಲಾಗುವುದಿಲ್ಲ. ಹಾಗೆಂದವರೇ ಕಳೆದ ಸಲ ಎಲ್ಲರಿಗಿಂತ ಕೊನೆಗೆ ಎದ್ದಿರುತ್ತಾರೆ. ನಿರಾಕರಣೆಯು ಲಿಖಿತವಾಗಿರಬೇಕು. ಬರೆಯಲು ಕೂರಬೇಕಾಗುವುದರಿಂದಲೂ, ಕೂತವರ ಮುಂದೆ ತಾಟು ಬರುವುದರಿಂದಲೂ, ನಿಂತೇ ಬರೆಯತಕ್ಕದ್ದು.

೩. ಬೇವಿನ ನೆರಳು ಸರಿದಂತೆ ತಾವೂ ಸರಿಯುವುದನ್ನು ನಡಿಗೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಈ ಆಧಾರದ ಮೇಲೆ ಪ್ರಶಸ್ತಿಪತ್ರ ಕೋರಿ ಬೀಳಗಿಯಿಂದ ಬಂದ ಅರ್ಜಿಗಳನ್ನು ತಿರಸ್ಕರಿಸಲಾಗಿದೆ.

೪. ತ್ರಿಶಲಾ ಅವರ ಮನೆಯವರು ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನುವುದಿಲ್ಲವೆಂದು ತಿಳಿದ ನೇಕಾರರು, ಯಾರೂ ಹೇಳದಿದ್ದರೂ, ತಮ್ಮ ಅಂಥ ಡಬ್ಬಿಗಳನ್ನು ದೂರದ ಜಾಲಿ ಮರದ ಬುಡಕ್ಕೆ ಒಯ್ದಿಟ್ಟಿದ್ದು ಕಂಡುಬಂದಿದೆ. ಅದನ್ನು ನೋಡಿಯೂ ನೋಡದವರಂತೆ ತ್ರಿಶಲಾ ಅವರು ತಾವು ಸೋಸಿ ತಂದ ನೀರನ್ನು ಮೊದಲು ನೇಕಾರರ ಮಕ್ಕಳಿಗೇ ಕುಡಿಸಿದ್ದೂ ಕಂಡುಬಂದಿದೆ. ಇನ್ನು ಮುಂದೆ ಒಂದು ಮರದ ಬುಡದಿಂದ ಇನ್ನೊಂದು ಮರದ ಬುಡಕ್ಕೆ ಉಳ್ಳಾಗಡ್ಡಿ ಸಾಗಿಸಲು ಪರವಾನಗಿ ಕಡ್ಡಾಯ. ಇಷ್ಟು ಸೂಕ್ಷ್ಮವಾದ ಕೆಲಸಗಳನ್ನು ಸಾರ್ವಜನಿಕರು ಕಚೇರಿಯ ಮಾರ್ಗದರ್ಶನವಿಲ್ಲದೆ ಮಾಡತಕ್ಕದ್ದಲ್ಲ.

೫. ಶ್ರೀಮತಿ ಬೋರವ್ವ ಅವರು ಕಚೇರಿಯ ಕಿಟಕಿಯ ಹೊರಗೆ ನಿಂತು, “ಉಣ್ಣೂ ಮುಂದ ಎದುರಿಗೆ ಮನಷ್ಯಾ ನಿಂತಿದ್ರ, ಕರೀಲಾರ್ದ ತುತ್ತು ಗಂಟಲ್ದಾಗ ಇಳಿತೈತೇನೋ ಯಪ್ಪಾ? ನಿಮ್ಮವ್ವ ನಿನಗ ಇದನ್ನೂ ಹೇಳಿಲ್ಲೇನ?” ಎಂದು ಕೇಳಿರುತ್ತಾರೆ. ಗಂಟಲಿನ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಆದಾಗ್ಯೂ, ತುತ್ತು ಇಳಿಯದವರು ಮರದ ಕಡೆ ಮುಖ ಮಾಡಿ ಉಣ್ಣತಕ್ಕದ್ದು. ಮರದ ಆಚೆ ಇನ್ನೊಬ್ಬರು ಉಣ್ಣುತ್ತಿದ್ದಲ್ಲಿ, ಇನ್ನೂ ದಪ್ಪನೆಯ ಮರವನ್ನು ಆರಿಸಿಕೊಳ್ಳತಕ್ಕದ್ದು. ದಪ್ಪನೆಯ ಮರಗಳನ್ನು ಬೆಳೆಸಲು ಪ್ರಸ್ತಾವ ಸಲ್ಲಿಸಲಾಗಿದೆ.

೬. ಮೇಲಿನ ನಿಯಮಗಳ ಕರಡನ್ನು ಓದಿ ಹೇಳಿದಾಗ ಶ್ರೀ ಹುಲೆಪ್ಪ ಅವರು, “ನನ್ನ ಕೆಲಸಾ ತಗೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ಇದು ಯಾರ ಕೈಲೂ ಆಗೂದಲ್ರಿ. ಬೇಕಾರ ನೀವ ಒಮ್ಮಿ ಹಾದ ನೋಡ್ರಿ” ಎಂದಿರುತ್ತಾರೆ. ಇದನ್ನು ಸವಾಲು ಎಂದು ಪರಿಗಣಿಸದೆ ಸಲಹೆ ಎಂದು ಪರಿಗಣಿಸಿ, ಈ ಕೆಳಗಿನಂತೆ ತೀರ್ಮಾನಿಸಲಾಗಿದೆ: ಬರುವ ಸೋಮವಾರ ಸಹಾಯಕ ನಿರ್ದೇಶಕರು ಬುತ್ತಿಯಿಲ್ಲದೆ, ಊಟದ ಹೊತ್ತಿಗೆ, ಉಣ್ಣುತ್ತಿರುವವರ ಎದುರಿನಿಂದ ಖುದ್ದಾಗಿ ಹಾದು ಹೋಗತಕ್ಕದ್ದು. ಏನನ್ನೂ ಕೈಗೆ ತೆಗೆದುಕೊಳ್ಳದೆ ದಾಟಿದಲ್ಲಿ ಶ್ರೀ ಹುಲೆಪ್ಪ ಅವರನ್ನು ಕೆಲಸದಿಂದ ಬಿಡಿಸಲಾಗುವುದು. ದಾಟದಿದ್ದಲ್ಲಿ ಅವರನ್ನು ಮುಂದುವರಿಸಿ, ಈ ಸುತ್ತೋಲೆಯನ್ನು ಹಿಂಪಡೆಯಲಾಗುವುದು.

ಅಲ್ಲಿಯವರೆಗೆ ಎಲ್ಲರೂ ಹಸಿದುಕೊಂಡಾದರೂ ಇದನ್ನು ಪಾಲಿಸತಕ್ಕದ್ದೆಂದು ತಿಳಿಯಪಡಿಸಲಾಗಿದೆ.

(ಸಹಿ)
ಅರುಣ
ಸಹಾಯಕ ನಿರ್ದೇಶಕರು, ನೆರಳು (ಹೆಚ್ಚುವರಿ ಪ್ರಭಾರ: ಕಾಲ್ನಡಿಗೆ)

ಪ್ರತಿಗಳು:
೧. ಬೇವಿನ ಮರಕ್ಕೆ, ಮೊಳೆ ಹೊಡೆಯದೆ ದಾರದಿಂದ ಕಟ್ಟಲು.
೨. ಶ್ರೀಮತಿ ತ್ರಿಶಲಾ, ತೇರದಾಳ.
೩. ಶ್ರೀಮತಿ ಬೋರವ್ವ, ರಬಕವಿ. (ಓದಿ ಹೇಳಿದವರಿಗೆ ಚಹಾ ಕೊಟ್ಟು ಕಳುಹಿಸಿರುತ್ತಾರೆ.)
೪. ಬಿಡಿ ಪ್ರತಿ, ರೊಟ್ಟಿ ಕಟ್ಟಲು ಬಳಸಬಾರದೆಂಬ ಷರತ್ತಿನ ಮೇಲೆ.
೫. ಶ್ರೀ ಹುಲೆಪ್ಪ, ಕಾವಲುಗಾರ. ಸಹಾಯಕ ನಿರ್ದೇಶಕರು ಸೋಮವಾರ ಹಾದು ಹೋಗುವಾಗ ಖುದ್ದಾಗಿ ಕೊಡಲು.

ಪ್ರತಿ ಸಂಖ್ಯೆ ೫ರ ಜಾರಿಯ ಬಗ್ಗೆ ಬೆರಳಚ್ಚುಗಾರ್ತಿ ಕಾಂಚನಾ ಅವರ ಷರಾ: ಸೋಮವಾರ ಮಧ್ಯಾಹ್ನ ಶ್ರೀ ಹುಲೆಪ್ಪ ಅವರು ದ್ವಾರದ ಬಳಿ ನಿಯಮದಂತೆ ಮರದ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ಪ್ರತಿಯನ್ನು ಪಡೆದು, ಓದದೆ, ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. ಸಹಾಯಕ ನಿರ್ದೇಶಕರು ಸ್ವೀಕೃತಿ ಚೀಟಿಗಾಗಿ ಕೈ ಚಾಚಿ ನಿಂತಿದ್ದರು. ಮುಖದ ಮೇಲೆ ಬಿಸಿಲಿತ್ತು. ಶ್ರೀ ಹುಲೆಪ್ಪ ಅವರು ಅವರ ಮುಖವನ್ನು ಒಮ್ಮೆ ನೋಡಿ, ಬಾಯಿ ತೆರೆಯದೆ, ಹುಬ್ಬು ಏರಿಸದೆ, ಡಬ್ಬಿಯ ಮುಚ್ಚಳದಲ್ಲಿ ಎರಡು ರೊಟ್ಟಿ ಮತ್ತು ಮಡಕಿ ಕಾಳಿನ ಪಲ್ಯ ಹಾಕಿ, ಆ ಚಾಚಿದ ಕೈಯಲ್ಲಿ ಇಟ್ಟಿರುತ್ತಾರೆ.